ಪದ ಪರಿಚಯ: ಒಡೆದ ಕನ್ನಡಿ ಮತ್ತೆ ದುಂಡಗಾಗುವುದು

ಒಡೆದ ಕನ್ನಡಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ನಮ್ಮ ಕಡೆ ಹೇಳುತ್ತಾರೆ. ಒಂದು ಮೂಲೆಯಲ್ಲಿ ಬಿರುಕು ಬಿಟ್ಟರೂ ಸಾಕು, ನಮ್ಮಜ್ಜಿ ಅದನ್ನು ಗೋಡೆಯಿಂದ ಇಳಿಸಿ ಹೊರಗೆ ಹಾಕಿಸುತ್ತಿದ್ದರು. ನಮ್ಮ ಗಾದೆಯೂ ಅಷ್ಟೇ ಖಡಕ್ಕು: ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಹೋದದ್ದು ಹೋಯ್ತು, ಇನ್ನು ಸಿಗುವುದಿಲ್ಲ.

ಈ ಗಾದೆ ಕೇಳಿಕೊಂಡೇ ಬೆಳೆದ ನನಗೆ ಚೀನೀ ಭಾಷೆಯ ಒಂದು ನುಡಿಗಟ್ಟು ಮೊದಲ ಸಲ ಕಣ್ಣಿಗೆ ಬಿದ್ದಾಗ ಮುಂದಕ್ಕೆ ಓದಲು ಆಗಲಿಲ್ಲ. 'ಪೋ ಜಿಂಗ್ ಚೋಂಗ್ ಯುವಾನ್'. ಬರೆದರೆ ನಾಲ್ಕೇ ಅಕ್ಷರ. ಪೋ ಅಂದರೆ ಒಡೆದ. ಜಿಂಗ್ ಅಂದರೆ ಕನ್ನಡಿ. ಚೋಂಗ್ ಅಂದರೆ ಮತ್ತೆ. ಯುವಾನ್ ಅಂದರೆ ದುಂಡಗೆ. ಒಡೆದ ಕನ್ನಡಿ ಮತ್ತೆ ದುಂಡಗಾಯಿತು.

ಅಗಲಿದ ಜೋಡಿ ಮತ್ತೆ ಒಂದಾದರೆ ಚೀನಾದಲ್ಲಿ ಹೀಗೆ ಹೇಳುತ್ತಾರೆ. ನಾನು ಈ ಮಾತನ್ನು ಜಾಸ್ತಿ ಕಂಡದ್ದು 'ದಾನ್‌ಮೇ' ಕಾದಂಬರಿಗಳಲ್ಲಿ. ದಾನ್‌ಮೇ ಅಂದರೆ ಇಬ್ಬರು ಗಂಡಸರ ಪ್ರೇಮದ ಕಥೆ. ಆ ಹೆಸರು ಜಪಾನಿನಿಂದ ಬಂದದ್ದು, 'ಚೆಲುವಿನಲ್ಲಿ ಮುಳುಗುವುದು' ಅನ್ನುವುದು ಅದರ ಅರ್ಥ. ಬರೆಯುವವರಲ್ಲೂ ಓದುವವರಲ್ಲೂ ಹೆಂಗಸರೇ ಹೆಚ್ಚು. 2003ರಲ್ಲಿ ಶುರುವಾದ ಜಿನ್‌ಜಿಯಾಂಗ್ ಅನ್ನುವ ಜಾಲತಾಣ ಇವುಗಳ ದೊಡ್ಡ ಮನೆ. ಅಲ್ಲಿ ಪ್ರತಿ ಕಾದಂಬರಿಗೂ ಅದು ಎಂಥ ಕಥೆ ಅಂತ ತಿಳಿಸುವ ಟ್ಯಾಗ್‌ಗಳು ಇರುತ್ತವೆ. ಅಂಥ ಒಂದು ಟ್ಯಾಗ್ ನಮ್ಮ ಈ ನಾಲ್ಕಕ್ಷರ. ಇದು ಕಂಡರೆ ಓದುವವರಿಗೆ ಮೊದಲೇ ಗೊತ್ತಾಗುತ್ತದೆ: ಇವರಿಬ್ಬರೂ ಒಂದು ಕಾಲದಲ್ಲಿ ಜೊತೆಗಿದ್ದರು, ಬಿಟ್ಟು ಹೋದರು, ಈಗ ಮತ್ತೆ ಎದುರಾಗುತ್ತಾರೆ.

ಇಂಗ್ಲಿಷ್ ಓದುಗರು ಇದನ್ನು ಸೆಕೆಂಡ್ ಚಾನ್ಸ್ ರೊಮ್ಯಾನ್ಸ್ ಅನ್ನುತ್ತಾರೆ. ಎರಡೂ ಒಂದೇ ಅಂತ ನಾನೂ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. 'ಇನ್ನೊಂದು ಚಾನ್ಸ್' ಅಂದ ಕೂಡಲೇ ಒಬ್ಬ ತಪ್ಪು ಮಾಡಿದವನು, ಇನ್ನೊಬ್ಬ ಕ್ಷಮಿಸುವವನು ಅಂತ ಆಗಿಬಿಡುತ್ತದೆ. ಕನ್ನಡಿಯ ಮಾತಿನಲ್ಲಿ ಆ ಲೆಕ್ಕವೇ ಇಲ್ಲ. ಯಾಕೆ ಇಲ್ಲ ಅನ್ನುವುದಕ್ಕೆ ಅದು ಹುಟ್ಟಿದ ಕಥೆ ಕೇಳಬೇಕು.

ಆರನೇ ಶತಮಾನದ ಕೊನೆ. ಈಗಿನ ನಾನ್‌ಜಿಂಗ್ ಊರಿನಲ್ಲಿ ಚೆನ್ ವಂಶದ ರಾಜ್ಯ ಮುಳುಗುವ ಹಂತಕ್ಕೆ ಬಂದಿತ್ತು. ರಾಜನ ತಂಗಿ ಲೆಚಾಂಗ್, ಅವಳ ಗಂಡ ಶು ದೆಯಾನ್. ಉತ್ತರದಿಂದ ಸುಯಿ ವಂಶದ ಸೈನ್ಯ ಬರುತ್ತಿದೆ, ನಾವು ಉಳಿಯುವುದಿಲ್ಲ ಅಂತ ಅವನಿಗೆ ಗೊತ್ತಾಯಿತು. ಅವನು ಹೆಂಡತಿಗೆ ಹೇಳಿದ: ನಿನ್ನ ರೂಪಕ್ಕೆ, ಗುಣಕ್ಕೆ, ರಾಜ್ಯ ಹೋದ ಮೇಲೆ ಯಾರೋ ದೊಡ್ಡವರ ಮನೆ ಸೇರಬೇಕಾಗುತ್ತದೆ. ನಮ್ಮ ಋಣ ಮುಗಿಯದೇ ಇದ್ದರೆ ಮತ್ತೆ ಸಿಗೋಣ. ಅದಕ್ಕೆ ಒಂದು ಗುರುತು ಬೇಕು. ಹಾಗಂದು ಒಂದು ಕನ್ನಡಿಯನ್ನು ಎರಡು ಹೋಳು ಮಾಡಿದ. ಒಂದು ಅವಳಿಗೆ, ಒಂದು ತನಗೆ. ವರ್ಷದ ಮೊದಲ ತಿಂಗಳ ಹುಣ್ಣಿಮೆಯ ದಿನ ಸುಯಿ ರಾಜಧಾನಿಯ ಸಂತೆಯಲ್ಲಿ ನಿನ್ನ ಹೋಳನ್ನು ಮಾರಾಟಕ್ಕೆ ಇಡಿಸು, ನಾನು ಬದುಕಿದ್ದರೆ ಅವತ್ತು ಹುಡುಕಿಕೊಂಡು ಬರುತ್ತೇನೆ ಅಂದ.

589ರಲ್ಲಿ ರಾಜ್ಯ ಬಿತ್ತು. ಲೆಚಾಂಗ್ ಸುಯಿ ಸೇನಾಪತಿ ಯಾಂಗ್ ಸುವಿನ ಮನೆ ಸೇರಿದಳು. ಶು ದೆಯಾನ್ ಎಲ್ಲೆಲ್ಲೋ ಅಲೆದು, ಹೇಗೋ ಜೀವ ಹಿಡಿದುಕೊಂಡು ರಾಜಧಾನಿ ಮುಟ್ಟಿದ. ಆ ಹುಣ್ಣಿಮೆಯ ದಿನ ಸಂತೆಗೆ ಹೋದರೆ ಒಬ್ಬ ಮುದಿ ಆಳು ಅರ್ಧ ಕನ್ನಡಿ ಹಿಡಿದು ನಿಂತಿದ್ದಾನೆ, ವಿಪರೀತ ಬೆಲೆ ಹೇಳುತ್ತಿದ್ದಾನೆ. ಜನ ನಗುತ್ತಿದ್ದಾರೆ. ಅರ್ಧ ಕನ್ನಡಿಗೆ ಯಾರು ಅಷ್ಟು ದುಡ್ಡು ಕೊಡುತ್ತಾರೆ? ಶು ದೆಯಾನ್ ಆ ಮುದುಕನನ್ನು ತಾನು ಇಳಿದುಕೊಂಡಿದ್ದ ಕಡೆಗೆ ಕರೆದುಕೊಂಡು ಹೋದ. ಊಟ ಹಾಕಿದ. ತನ್ನ ಕಥೆಯನ್ನೆಲ್ಲ ಹೇಳಿದ. ತನ್ನ ಹೋಳು ತೆಗೆದು ಜೋಡಿಸಿದ, ಸರಿಯಾಗಿ ಕೂತಿತು. ನಾಲ್ಕು ಸಾಲಿನ ಪದ್ಯ ಬರೆದು ಕಳಿಸಿದ. ಅದರ ತಿರುಳು ಇಷ್ಟು: ಕನ್ನಡಿಯೂ ಹೋಯಿತು, ಅವಳೂ ಹೋದಳು. ಕನ್ನಡಿ ಬಂತು, ಅವಳು ಬರಲಿಲ್ಲ.

ಪದ್ಯ ಓದಿ ಲೆಚಾಂಗ್ ಅತ್ತು ಊಟ ಬಿಟ್ಟಳು. ವಿಷಯ ತಿಳಿದ ಯಾಂಗ್ ಸುವಿನ ಮನಸ್ಸು ಕರಗಿತು. ಶು ದೆಯಾನ್‌ನನ್ನು ಕರೆಸಿ ಹೆಂಡತಿಯನ್ನು ಒಪ್ಪಿಸಿದ. ಆ ದಿನದ ಊಟದಲ್ಲಿ ಅವಳಿಗೂ ಒಂದು ಪದ್ಯ ಹೇಳು ಅಂದ. ಒಂದು ಕಡೆ ಈಗಿನ ಯಜಮಾನ, ಇನ್ನೊಂದು ಕಡೆ ಹಿಂದಿನ ಗಂಡ. ಅವಳು ಹೇಳಿದ್ದು: ನಗುವುದಕ್ಕೂ ಧೈರ್ಯ ಇಲ್ಲ, ಅಳುವುದಕ್ಕೂ ಧೈರ್ಯ ಇಲ್ಲ, ಮನುಷ್ಯರಾಗಿ ಇರುವುದು ಎಷ್ಟು ಕಷ್ಟ ಅಂತ ಇವತ್ತು ಗೊತ್ತಾಯಿತು. ಸುಯಿ ನಂತರದ ತಾಂಗ್ ವಂಶದ ಕಾಲದ ಮೆಂಗ್ ಚಿ ಅನ್ನುವವನು ಬರೆದಿಟ್ಟದ್ದರಿಂದ ಈ ಕಥೆ ಉಳಿದಿದೆ. ನನಗೆ ಇಡೀ ಕಥೆಯಲ್ಲಿ ಈ ಸಾಲಿನ ಮೇಲೆ ಪ್ರೀತಿ ಜಾಸ್ತಿ. ಮತ್ತೆ ಸಿಕ್ಕ ಗಳಿಗೆ ಬರೀ ಖುಷಿಯ ಗಳಿಗೆ ಅಲ್ಲ ಅನ್ನುವುದನ್ನು ಅವಳು ಅವತ್ತೇ ಹೇಳಿಬಿಟ್ಟಿದ್ದಾಳೆ.

ಇಲ್ಲಿ ಕನ್ನಡಿ ಅಂದರೆ ಗಾಜಿನದ್ದಲ್ಲ. ಆಗಿನದು ಕಂಚಿನ ಕನ್ನಡಿ. ದುಂಡಗೆ ಎರಕ ಹೊಯ್ದು, ಮುಂದಿನ ಮುಖವನ್ನು ಚೆನ್ನಾಗಿ ಉಜ್ಜಿ ಹೊಳಪು ಕೊಡುತ್ತಿದ್ದರು. ಹಿಂದೆ ನಡುವೆ ಒಂದು ಉಬ್ಬು, ಅದಕ್ಕೆ ದಾರ ಪೋಣಿಸಿ ಹಿಡಿಯುವುದು. ತವರ ಜಾಸ್ತಿ ಬೆರೆತ ಕಂಚು ಬೆಳ್ಳಗೆ ಹೊಳೆಯುತ್ತದೆ, ಆದರೆ ಬಡಿದರೆ ಬಾಗದೆ ಒಡೆಯುತ್ತದೆ. ಲೋಹದ ಕನ್ನಡಿ ನಮಗೂ ಹೊಸದಲ್ಲ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ದರ್ಪಣ ಸುಂದರಿಯ ಕೈಯಲ್ಲಿ ಇರುವ ಕನ್ನಡಿಯನ್ನು ನೆನೆಸಿಕೊಳ್ಳಿ. ಕೇರಳದ ಆರನ್ಮುಳದಲ್ಲಿ ಲೋಹದ ಕನ್ನಡಿಯನ್ನು ಇವತ್ತಿಗೂ ಮಾಡುತ್ತಾರೆ. ಗಾಜು ಒಡೆದರೆ ನೂರು ಚೂರು. ಅಂಥ ಕಂಚು ಎರಡು ಹೋಳಾದರೆ ಅಂಚಿಗೆ ಅಂಚು ಕೂರುತ್ತದೆ. ಒಬ್ಬರ ಹೋಳಿಗೆ ಲೋಕದಲ್ಲಿ ಇನ್ನೊಂದೇ ಹೋಳು ಹೊಂದುತ್ತದೆ.

ಯುವಾನ್ ಅನ್ನುವ ಕೊನೆಯ ಅಕ್ಷರವೂ ಸುಮ್ನೆ ಬಂದದ್ದಲ್ಲ. ಚೀನೀ ಭಾಷೆಯಲ್ಲಿ ದುಂಡಗೆ ಅಂದರೆ ತುಂಬಿದ, ಕೊರತೆ ಇಲ್ಲದ. ಹುಣ್ಣಿಮೆ ಚಂದ್ರನೂ ಯುವಾನ್. ಮನೆಯವರೆಲ್ಲ ಒಟ್ಟು ಸೇರುವುದಕ್ಕೆ ಅವರು ಹೇಳುವ 'ತುವಾನ್‌ಯುವಾನ್' ಅನ್ನುವ ಮಾತಿನಲ್ಲೂ ಇದೇ ಅಕ್ಷರ ಇದೆ.

ಈಗ ಕಥೆಗೆ ವಾಪಸ್ ಬನ್ನಿ. ಕನ್ನಡಿಯನ್ನು ಒಡೆದದ್ದು ಯಾರು? ಅವರೇ. ಜಗಳದಲ್ಲಿ ಅಲ್ಲ, ಕೈಜಾರಿಯೂ ಅಲ್ಲ. ತಮ್ಮನ್ನು ಹೊರಗಿನ ಲೋಕ ಬೇರೆ ಮಾಡುತ್ತದೆ ಅಂತ ಗೊತ್ತಿದ್ದೇ, ಮತ್ತೆ ಗುರುತು ಹಿಡಿಯಲಿಕ್ಕೆ ಅಂತ ಒಡೆದರು. ನಮ್ಮ ಶಕುಂತಲೆಯ ಉಂಗುರವೂ ಗುರುತೇ. ಆದರೆ ಅಲ್ಲಿ ದುಷ್ಯಂತ ಮರೆಯುತ್ತಾನೆ, ಉಂಗುರ ನೆನಪಿಸಬೇಕಾಗುತ್ತದೆ. ಇಲ್ಲಿ ಯಾರೂ ಯಾರನ್ನೂ ಮರೆತಿಲ್ಲ.

ಇಬ್ಬರು ಹುಡುಗರ ಪ್ರೇಮಕ್ಕೆ ಈ ಮಾತು ಇಷ್ಟು ಚೆನ್ನಾಗಿ ಹೊಂದುವುದು ಇದೇ ಕಾರಣಕ್ಕೆ ಅಂತ ನನ್ನ ನಂಬಿಕೆ. ಇಂಥ ಕಾದಂಬರಿಗಳಲ್ಲಿ ಹದಿನೇಳು, ಹದಿನೆಂಟರ ಹುಡುಗರು ದೂರವಾಗುವುದು ಒಲವು ತೀರಿಹೋಗಿ ಅಲ್ಲ. ಒಬ್ಬನ ಅಮ್ಮ ಮೊಬೈಲ್ ನೋಡಿಬಿಡುತ್ತಾಳೆ. ಶಾಲೆಯಲ್ಲಿ ಸುದ್ದಿ ಹಬ್ಬುತ್ತದೆ. ಜೂನ್‌ನಲ್ಲಿ ನಡೆಯುವ 'ಗಾವ್‌ಕಾವ್', ಅಂದರೆ ಕಾಲೇಜು ಸೇರಲು ದೇಶಕ್ಕೆಲ್ಲ ನಡೆಯುವ ಪರೀಕ್ಷೆ, ಇನ್ನೇನು ಹತ್ತಿರ ಬಂದಿರುತ್ತದೆ. ಅಷ್ಟರಲ್ಲಿ ಒಬ್ಬನನ್ನು ಬೇರೆ ಊರಿಗೆ ಕಳಿಸಿಬಿಡುತ್ತಾರೆ. ಫೋನ್ ನಂಬರ್ ಬದಲಾಗುತ್ತದೆ. ಒಂದೇ ಮಗು ಅನ್ನುವ ನಿಯಮ 1980ರ ಹೊತ್ತಿಗೆ ಬಂದು 2015ರ ಕೊನೆಯವರೆಗೂ ಇದ್ದ ದೇಶ ಅದು. ಮನೆಗೊಬ್ಬನೇ ಮಗ. ಅವನು ಮದುವೆಯಾಗುವುದಿಲ್ಲ ಅಂದರೆ ಅಪ್ಪ ಅಮ್ಮನಿಗೆ ಮನೆತನವೇ ಅಲ್ಲಿಗೆ ನಿಂತ ಹಾಗೆ.

ಹಾಗಾದರೆ ಇವರಿಗೆ ಸಿಗುವುದು 'ಎರಡನೇ' ಚಾನ್ಸ್ ಹೇಗಾದೀತು? ಮೊದಲನೆಯದೇ ಸಿಕ್ಕಿರಲಿಲ್ಲ, ಅಲ್ವಾ? ಬಸ್ ಸ್ಟಾಪಿನಲ್ಲಿ ಕೈ ಹಿಡಿಯಲು ಆಗಲಿಲ್ಲ. ಜಗಳವಾದಾಗ ಬುದ್ಧಿ ಹೇಳಲು ಒಬ್ಬ ಗೆಳೆಯನೂ ಇರಲಿಲ್ಲ. ಬಿಟ್ಟುಹೋದಾಗ ಎಲ್ಲರೆದುರು ಅಳಲೂ ಆಗಲಿಲ್ಲ. ಎಂಟೋ ಹತ್ತೋ ವರ್ಷದ ನಂತರ ಎದುರಾದಾಗ ಇಬ್ಬರಿಗೂ ಕೆಲಸ ಇದೆ, ಬಾಡಿಗೆ ಕಟ್ಟುವ ಶಕ್ತಿ ಇದೆ, ಸ್ವಂತ ಮನೆಯ ಬಾಗಿಲು ಹಾಕಿಕೊಳ್ಳಬಹುದು. ಅವರ ಪ್ರೇಮಕ್ಕೆ ನಿಲ್ಲಲು ಕಾಲು ಬಂದದ್ದೇ ಆಗ.

ಈ ಕಥೆಗಳಲ್ಲಿ ಕನ್ನಡಿಯ ಹೋಳು ಅಂದರೆ ಚಿಕ್ಕ ಚಿಕ್ಕ ವಸ್ತುಗಳು, ಚಿಕ್ಕ ಚಿಕ್ಕ ಅಭ್ಯಾಸಗಳು. ನಾನೇ ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಒಂದು ನೂಡಲ್ ಅಂಗಡಿ. ಮಳೆ. ಆಫೀಸಿನ ಕೆಲಸದ ಮೇಲೆ ಆಕಸ್ಮಿಕವಾಗಿ ಒಟ್ಟಾದ ಇಬ್ಬರು ಎದುರುಬದುರು ಕೂತಿದ್ದಾರೆ. ಬೆಳಗ್ಗೆಯಿಂದ ಕೆಲಸದ್ದು ಬಿಟ್ಟು ಬೇರೆ ಒಂದು ಮಾತೂ ಆಡಿಲ್ಲ. ಅಂಗಡಿಯವನು ಬಂದಾಗ ಒಬ್ಬ ಮೆನು ನೋಡುತ್ತಲೇ ಹೇಳುತ್ತಾನೆ: 'ಎರಡು ಬೀಫ್ ನೂಡಲ್. ಒಂದಕ್ಕೆ ಕೊತ್ತಂಬರಿ ಸೊಪ್ಪು ಹಾಕಬೇಡಿ.' ಹೇಳಿ ಮುಗಿದ ಮೇಲೆ ತಾನು ಏನು ಹೇಳಿದೆ ಅಂತ ಅವನಿಗೇ ಗೊತ್ತಾಗುತ್ತದೆ. ಎದುರಿಗಿರುವವನು ಚಾಪ್‌ಸ್ಟಿಕ್ ಒರೆಸುತ್ತಿದ್ದವನು ಹಾಗೇ ನಿಲ್ಲಿಸುತ್ತಾನೆ. ಸಂತೆಯಲ್ಲಿ ಮುದುಕ ಹಿಡಿದು ನಿಂತಿದ್ದನಲ್ಲ, ಆ ಅರ್ಧ ಕನ್ನಡಿ ಇಲ್ಲಿ ಒಂದು ಹಿಡಿ ಸೊಪ್ಪು.

ಇಷ್ಟು ಸಣ್ಣದರಲ್ಲಿ ಇಷ್ಟು ತುಂಬಿಸಲು ಬರಹಗಾರರು ಕಲಿತದ್ದಕ್ಕೆ ಇನ್ನೊಂದು ಕಾರಣವೂ ಇದೆ. ಜಿನ್‌ಜಿಯಾಂಗ್‌ನಲ್ಲಿ ಕತ್ತಿನಿಂದ ಕೆಳಗಿನದು ಏನನ್ನೂ ವರ್ಣಿಸಬಾರದು ಅನ್ನುವ ಕಟ್ಟುಪಾಡು ಬಂತು. ಚೀನಾದಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲ. ಸಲಿಂಗಿಗಳ ಮೇಲೆ ಹೊರಿಸುತ್ತಿದ್ದ 'ಪುಂಡಾಟಿಕೆ' ಅನ್ನುವ ಹಳೇ ಅಪರಾಧವನ್ನು 1997ರಲ್ಲಿ ಕಾನೂನಿನಿಂದ ತೆಗೆದರು, 2001ರಲ್ಲಿ ಸಲಿಂಗ ಪ್ರೇಮವನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದಲೂ ತೆಗೆದರು. ಆದರೆ ಅದನ್ನು ಬರೆಯುವುದು ಸುಲಭವಿಲ್ಲ. 2018ರಲ್ಲಿ ಆನ್‌ಹುಯಿ ಪ್ರಾಂತ್ಯದ ಒಬ್ಬ ಲೇಖಕಿಗೆ ಗಂಡಸರ ಪ್ರಣಯದ ಕಾದಂಬರಿ ಅಚ್ಚು ಹಾಕಿ ಮಾರಿದ್ದಕ್ಕೆ 10 ವರ್ಷ 6 ತಿಂಗಳ ಜೈಲು ಶಿಕ್ಷೆ ಆಯಿತು. 2021ರ ಸೆಪ್ಟೆಂಬರಿನಲ್ಲಿ ಸರ್ಕಾರ ದಾನ್‌ಮೇ ಕಥೆಗಳ ಟಿವಿ ರೂಪಗಳನ್ನು ದೂರ ಇಡಬೇಕು ಅಂತ ಹೇಳಿತು. ಅದಕ್ಕೂ ಮೊದಲೇ ತೆರೆಯ ಮೇಲೆ ಈ ಪ್ರೇಮಿಗಳು 'ಝಿಜಿ' ಆಗಿಬಿಟ್ಟಿದ್ದರು. ಝಿಜಿ ಅಂದರೆ ಮನಸ್ಸು ಅರಿತ ಗೆಳೆಯ.

ಹತ್ತಿರದ ಬೇರೆ ಪದಗಳ ಜೊತೆ ಇದನ್ನು ಬೆರೆಸಬಾರದು. 'ಜಿಯು ಬಿಯೆ ಚೋಂಗ್ ಫೆಂಗ್' ಅಂದರೆ ಬಹಳ ಕಾಲದ ನಂತರ ಮತ್ತೆ ಸಿಗುವುದು. ಅಲ್ಲಿ ಮೊದಲು ಪ್ರೇಮ ಇರಲೇಬೇಕು ಅಂತಿಲ್ಲ, ಬರೀ ಶಾಲೆಯ ಗೆಳೆಯರಾಗಿದ್ದರೂ ಸಾಕು. 'ಚೋಂಗ್‌ಶೆಂಗ್' ಅಂದರೆ ಸತ್ತವನು ಮರಳಿ ಹುಟ್ಟಿ, ಹಳೇ ದಿನಗಳಿಗೇ ಹೋಗಿ ಎಲ್ಲ ಸರಿಮಾಡುವುದು. ಕನ್ನಡಿಯ ಕಥೆಯಲ್ಲಿ ಹಿಂದಕ್ಕೆ ಹೋಗುವ ದಾರಿ ಇಲ್ಲ. ಕಳೆದ ವರ್ಷಗಳು ಕಳೆದವೇ. ಮೂಲ ಕಥೆಯಲ್ಲೂ ಆ ಎರಡು ಹೋಳುಗಳನ್ನು ಬೆಸೆದರು ಅಂತ ಇಲ್ಲ, ಜೋಡಿಸಿದರು ಅಂತ ಮಾತ್ರ ಇದೆ.

ನಮ್ಮ ದೇಶದ ಲೆಕ್ಕವನ್ನೂ ಒಮ್ಮೆ ನೋಡಿ. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಂ ಒಪ್ಪಿತ ವಯಸ್ಕರ ಸಂಬಂಧಕ್ಕೆ ಅನ್ವಯಿಸುವುದಿಲ್ಲ ಅಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟ್ ಮತ್ತೆ ಬಿಡುಗಡೆ ಕೊಟ್ಟಿತು. ಬೆಂಗಳೂರಿನಲ್ಲೋ ಧಾರವಾಡದಲ್ಲೋ 2009ರಲ್ಲಿ ಇಪ್ಪತ್ತು ವರ್ಷದ ಇಬ್ಬರು ಹುಡುಗರಿದ್ದರು ಅಂದುಕೊಳ್ಳಿ. ಇಪ್ಪತ್ತಕ್ಕೆ ಧೈರ್ಯ ಬಂತು. ಇಪ್ಪತ್ತನಾಲ್ಕಕ್ಕೆ ಅದನ್ನು ಕಿತ್ತುಕೊಂಡರು. ಮತ್ತೆ ಕೊಟ್ಟಾಗ ಇಪ್ಪತ್ತೊಂಬತ್ತು. ಆ ನಡುವಿನ ಐದು ವರ್ಷ ಮನೆಗಳಲ್ಲಿ ಹುಡುಗಿ ನೋಡುವ ವರ್ಷಗಳು. ಅಂಥವರಿಗೆ ಈ ಪದದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದಲ್ಲಿ ಇದಕ್ಕೆ ಏನನ್ನಬೇಕು? ಪುನರ್ಮಿಲನ ಅನ್ನಬಹುದು, ಆದರೆ ಅದು ಹಳೇ ವಿದ್ಯಾರ್ಥಿಗಳ ಸಂಘದ ಕಾರ್ಯಕ್ರಮದ ಹಾಗೆ ಕೇಳಿಸುತ್ತದೆ. 'ಮತ್ತೆ ಕೂಡುವುದು' ಪರವಾಗಿಲ್ಲ. ನನಗಂತೂ 'ಕೂಡಿದ ಕನ್ನಡಿ' ಇಷ್ಟ.

ಪದ ಯಾವುದಾದರೂ ಆಗಲಿ, ಈ ಕಥೆ ಹೇಳಲು ನಮ್ಮ ಭಾಷೆಯ ಹತ್ತಿರ ಒಂದು ಒಳ್ಳೆಯ ಸಲಕರಣೆ ಇದೆ. ಚೀನೀ ಕಾದಂಬರಿಯಲ್ಲಿ ಹಳೇ ಪ್ರೇಮಿಗಳು ದೂರವಾಗಿದ್ದಾರೆ ಅಂತ ತೋರಿಸಲು ಮುದ್ದಿನ ಹೆಸರು ಬಿಟ್ಟು ಮನೆತನದ ಹೆಸರಿಗೆ ಹುದ್ದೆ ಸೇರಿಸಿ ಕರೆಯುತ್ತಾರೆ: ಡಾಕ್ಟರ್ ಷೆನ್, ಮ್ಯಾನೇಜರ್ ಲು. ನಮಗೆ ಅಷ್ಟೂ ಬೇಡ. ನೀನು ಅನ್ನುತ್ತಿದ್ದವನು ನೀವು ಅಂದರೆ ಸಾಕು, ಕನ್ನಡಿ ಒಡೆದದ್ದು ಕೇಳಿಸುತ್ತದೆ. ಆ ನೂಡಲ್ ಅಂಗಡಿಯನ್ನು ಕನ್ನಡಕ್ಕೆ ತಂದರೆ ನಾನು ಹೀಗೆ ಬರೆಯುತ್ತೇನೆ.

'ಸಾರಿ, ಕೇಳಬೇಕಿತ್ತು. ನೀವು ಈಗ ಕೊತ್ತಂಬರಿ ಸೊಪ್ಪು ತಿನ್ನುತ್ತೀರೇನೋ.'

ಅವನು ಚಾಪ್‌ಸ್ಟಿಕ್ ಕೆಳಗಿಟ್ಟ. ಹೊರಗೆ ಮಳೆ ಇನ್ನೂ ಸುರಿಯುತ್ತಿತ್ತು.

'ಇಲ್ಲ ಕಣೋ, ತಿನ್ನಲ್ಲ.'