ಬಿ ಪ್ಲಸ್ ಸರಿಯಾಗದೆ ಚಿತ್ರ ಸರಿಹೋಗದು

ಹಳೆಯ ಆರ್ಕೇಡ್ ಪೆಟ್ಟಿಗೆಯ ಪರದೆಯಲ್ಲಿ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ, ಅಂಚುಗಳು ಬಳುಕತೊಡಗಿದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಅಗಲ, ಎತ್ತರ ಹೊಂದಿಸುವ ತಿರುಪುಗಳತ್ತ. ಕೆಲಸ ಕೆಡುವುದೂ ಅಲ್ಲಿಂದಲೇ. ಮೊದಲು ಅಳೆಯಬೇಕಾದದ್ದು ಬಿ ಪ್ಲಸ್, ಅಂದರೆ ಎಲೆಕ್ಟ್ರಾನ್ ಕಿರಣವನ್ನು ಪರದೆಯ ಮೇಲೆ ಅಡ್ಡಲಾಗಿ ಓಡಿಸುವ ಹಾರಿಜಾಂಟಲ್ ಭಾಗಕ್ಕೆ ಹೋಗುವ ಮುಖ್ಯ ಡಿಸಿ ವೋಲ್ಟೇಜ್. 1980ರ ದಶಕದ ಆರಂಭದಲ್ಲಿ ಬಹಳ ಬಳಕೆಯಲ್ಲಿದ್ದ ಎಲೆಕ್ಟ್ರೋಹೋಮ್ ಜಿ07 ಮಾನಿಟರ್‌ನಲ್ಲಿ ಇದು 120 ವೋಲ್ಟ್. ಬೇರೆ ಮಾನಿಟರ್‌ಗಳಲ್ಲಿ ಬೇರೆಯಿರುತ್ತದೆ; ಆಯಾ ಸರ್ವೀಸ್ ಮ್ಯಾನ್ಯುಯಲ್ ನೋಡದೆ ಪ್ರಿಸೆಟ್, ಅಂದರೆ ಈ ವೋಲ್ಟೇಜ್ ಹೊಂದಿಸುವ ಪುಟ್ಟ ತಿರುಪು, ಮುಟ್ಟಬಾರದು.

ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್ ಸೆಕೆಂಡಿಗೆ ಸುಮಾರು 15,700 ಬಾರಿ ಆನ್-ಆಫ್ ಆಗುತ್ತದೆ. ಆಫ್ ಆದಾಗ, ಕಿರಣ ಬಲತುದಿಯಿಂದ ಎಡಕ್ಕೆ ಮರಳುವ ಸುಮಾರು 11 ಮೈಕ್ರೋಸೆಕೆಂಡಿನಲ್ಲಿ, ಅದರ ಕಲೆಕ್ಟರ್ ವೋಲ್ಟೇಜ್ ಬಿ ಪ್ಲಸ್‌ನ ಎಂಟು ಪಟ್ಟಿನಷ್ಟು, ಅಂದರೆ ಸಾವಿರ ವೋಲ್ಟ್‌ನ ಆಸುಪಾಸಿಗೆ ನೆಗೆಯುತ್ತದೆ. ಇದನ್ನೇ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಇಪ್ಪತ್ತು ಸಾವಿರ ವೋಲ್ಟ್ ಮೀರಿಸಿ ಪಿಕ್ಚರ್ ಟ್ಯೂಬಿನ ಆನೋಡ್‌ಗೆ ಕೊಡುತ್ತದೆ. ಬಿ ಪ್ಲಸ್ ಶೇ. 10 ಏರಿದರೆ ಕಿರಣವನ್ನು ಬಾಗಿಸುವ ಕಾಯಿಲ್ ಆದ ಯೋಕ್‌ನ ಕರೆಂಟೂ ಆನೋಡ್ ವೋಲ್ಟೇಜೂ ಅಷ್ಟೇ ಏರುತ್ತವೆ. ಆದರೆ ವೇಗ ಹೆಚ್ಚಿದ ಎಲೆಕ್ಟ್ರಾನ್ ಅಷ್ಟು ಸುಲಭಕ್ಕೆ ಬಾಗುವುದಿಲ್ಲ, ಹಾಗಾಗಿ ಚಿತ್ರ ದೊಡ್ಡದಾಗುವುದು ಶೇ. 5ರಷ್ಟು ಮಾತ್ರ. ಆ ಐದಕ್ಕಾಗಿ 22 ಸಾವಿರ ವೋಲ್ಟನ್ನು 24 ಸಾವಿರಕ್ಕೆ ಒಯ್ದಂತಾಯಿತು: ಟ್ರಾನ್ಸಿಸ್ಟರ್, ಫ್ಲೈಬ್ಯಾಕ್‌ಗಳ ಆಯುಷ್ಯ ಕುಂದುತ್ತದೆ, ಎಕ್ಸ್-ರೇ ಸೋರಿಕೆಯೂ ಹೆಚ್ಚುತ್ತದೆ. ಚಿತ್ರದ ಅಗಲಕ್ಕೆ ವಿಡ್ತ್ ಕಾಯಿಲ್ ಇದೆ. ಬಿ ಪ್ಲಸ್ ಪ್ರಿಸೆಟ್ ಅದಕ್ಕಲ್ಲ.

ಕೈ ಹಾಕುವ ಮುನ್ನ ಪ್ಲಗ್ ಕೀಳಿ. ಇನ್ಸುಲೇಷನ್ ಚೆನ್ನಾಗಿರುವ ಸ್ಕ್ರೂಡ್ರೈವರ್‌ಗೆ ಕ್ಲಿಪ್ ತಂತಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನ ಮೇಲೆ ಹಾದಿರುವ ಹೆಣೆದ ಗ್ರೌಂಡ್ ತಂತಿಗೆ ಸಿಕ್ಕಿಸಿ. ಒಂದು ಕೈ ಬೆನ್ನ ಹಿಂದಿರಲಿ. ಸ್ಕ್ರೂಡ್ರೈವರ್ ತುದಿಯನ್ನು ಆನೋಡ್‌ನ ರಬ್ಬರ್ ಟೋಪಿಯೊಳಗೆ ತೂರಿಸಿ, ಲೋಹದ ಕೊಕ್ಕೆಗೆ ತಾಗಿಸಿ. 'ಟಕ್' ಎಂದರೂ ಅನ್ನದಿದ್ದರೂ ಐದು ನಿಮಿಷ ಬಿಟ್ಟು ಮತ್ತೊಮ್ಮೆ ತಾಗಿಸಿ. ಗಾಜಿನಲ್ಲಿ ಅಡಗಿದ ಚಾರ್ಜ್ ಮೆಲ್ಲಗೆ ಮರಳಿ ಬರುತ್ತದೆ. ಮುಖ್ಯ ಫಿಲ್ಟರ್ ಕೆಪಾಸಿಟರನ್ನು ಮಾತ್ರ ಹೀಗೆ ಶಾರ್ಟ್ ಮಾಡಬೇಡಿ, 2 ಕಿಲೋಓಮ್, 10 ವ್ಯಾಟ್‌ನ ರೆಸಿಸ್ಟರ್ ಮೂಲಕ ಇಳಿಸಿ.

ಮೇಜಿನ ಮೇಲೆ ಚಾಲೂ ಮಾಡುವುದಾದರೆ ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು. ಇಂಥ ಬಹುಪಾಲು ಮಾನಿಟರ್‌ಗಳಲ್ಲಿ ಮೇನ್ಸ್ ನೇರವಾಗಿ ಬ್ರಿಡ್ಜ್ ಡಯೋಡ್‌ಗಳಿಗೆ ಬರುತ್ತದೆ, ಪೆಟ್ಟಿಗೆಯೊಳಗಿನ ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರ ಜೋಡಿಸಿದರೆ ಚಾಸಿಯೇ (ಲೋಹದ ಚೌಕಟ್ಟೇ) ಜೀವಂತ, ಮುಟ್ಟಿದರೆ ಶಾಕ್.

ಫ್ಯೂಸ್ ಹೋಗಿದ್ದರೆ ಮೊದಲು ಹಾರಿಜಾಂಟಲ್ ಟ್ರಾನ್ಸಿಸ್ಟರ್ ನೋಡಿ. ಕಲೆಕ್ಟರ್-ಎಮಿಟರ್ ನಡುವೆ ಮೀಟರ್ ಎರಡೂ ದಿಕ್ಕಿನಲ್ಲಿ ಬೀಪ್ ಎಂದರೆ ಅದು ಸತ್ತಿದೆ. ಬೇಸ್-ಎಮಿಟರ್ ನಡುವೆ ಹತ್ತಾರು ಓಮ್ ಮಾತ್ರ ಕಂಡರೆ ಗಾಬರಿ ಬೇಡ, ಕೆಲವು ಟ್ರಾನ್ಸಿಸ್ಟರ್‌ಗಳೊಳಗೇ ರೆಸಿಸ್ಟರ್ ಇರುತ್ತದೆ. ಹೊಸದನ್ನು ಹಾಕಿದ ಮೇಲೆ ಫ್ಯೂಸ್ ಜಾಗದಲ್ಲಿ ಹಳೆಯ ಫಿಲಮೆಂಟ್ ಬಲ್ಬ್ ಜೋಡಿಸಿ ಚಾಲೂ ಮಾಡಿ: ಒಮ್ಮೆ ಮಿನುಗಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಇನ್ನೂ ಎಲ್ಲೋ ಶಾರ್ಟ್ ಇದೆ.

ಬಲ್ಬ್ ತೆಗೆದು, ಸರಿಯಾದ ರೇಟಿಂಗ್‌ನ ಫ್ಯೂಸ್ ಹಾಕಿ, ಹದಿನೈದು ನಿಮಿಷ ಓಡಲು ಬಿಟ್ಟು ಬಿ ಪ್ಲಸ್ ಅಳೆಯಿರಿ. ಪ್ಲಾಸ್ಟಿಕ್ ತಿರುಪುಕಡ್ಡಿಯಿಂದ ಪ್ರಿಸೆಟ್ ತಿರುಗಿಸಿದಾಗ ಮೀಟರ್ ಅಂಕಿ ನಯವಾಗಿ ಜಾರಬೇಕು. ನೆಗೆದರೆ ಪ್ರಿಸೆಟ್ ಸವೆದಿದೆ, ಬದಲಿಸಿ. ಜಿ07ನಲ್ಲಿ ಅಂಕಿ ಕದಲದೆ 160ರ ಹತ್ತಿರ ನಿಂತರೆ ಬಿ ಪ್ಲಸ್ ಸ್ಥಿರವಾಗಿಡುವ ರೆಗ್ಯುಲೇಟರ್ ಶಾರ್ಟ್ ಆಗಿರಬಹುದು, ಇಲ್ಲವೇ ಹಾರಿಜಾಂಟಲ್ ಭಾಗ ಕರೆಂಟನ್ನೇ ಎಳೆಯುತ್ತಿಲ್ಲ. ಕಡಿಮೆಯಾಗಿ ನಿಂತು ಚಿತ್ರವೂ ಬಳುಕುತ್ತಿದ್ದರೆ, ಪಕ್ಕದ ದಪ್ಪ ಸಿಮೆಂಟ್ ರೆಸಿಸ್ಟರ್ ಒಂದೇ ಭಾರ ಹೊತ್ತಿದೆ, ರೆಗ್ಯುಲೇಟರ್ ಓಪನ್ ಆಗಿ ಕರೆಂಟ್ ಬಿಡುತ್ತಿಲ್ಲ ಎನ್ನಬಹುದು. ಅಡ್ಡ ಪಟ್ಟೆಯೊಂದು ನಿಧಾನವಾಗಿ ಮೇಲಕ್ಕೋ ಕೆಳಕ್ಕೋ ಸರಿಯುತ್ತಿದ್ದರೆ ಒಣಗಿದ ಫಿಲ್ಟರ್ ಕೆಪಾಸಿಟರ್ ಮೇಲೆ ಗುಮಾನಿ ಇಡಿ.

ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಒಟ್ಟಿಗೇ ಬದಲಿಸುವುದು ಮೇಲು. ಮೈಕ್ರೋಫ್ಯಾರಡ್ ಅಷ್ಟೇ, ವೋಲ್ಟ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯವು ಇರಲಿ. ಹಾರಿಜಾಂಟಲ್ ಟ್ರಾನ್ಸಿಸ್ಟರ್ ಬಳಿಯ 1,600 ವೋಲ್ಟ್‌ನಂಥ ಫಿಲ್ಮ್ ಕೆಪಾಸಿಟರ್ ವಿಷಯದಲ್ಲಿ ಮಾತ್ರ ಅಂದಾಜು ನಡೆಯದು. ಅದರ ಮೌಲ್ಯ ಕುಸಿದರೆ ಬಿ ಪ್ಲಸ್ ಸರಿಯಿದ್ದೂ ಆನೋಡ್ ವೋಲ್ಟೇಜ್ ಮಿತಿ ಮೀರುತ್ತದೆ. ಫ್ಲೈಬ್ಯಾಕ್ ಕಾಲುಗಳ ಸುತ್ತ ಕೂದಲೆಳೆಯಂಥ ಉಂಗುರ ಬಿರುಕು ಕಂಡರೆ ಅದು ಡ್ರೈ ಸೋಲ್ಡರ್. ಹಳೆಯ ಬೆಸುಗೆ ಹೀರಿ ತೆಗೆದು ಹೊಸದು ಹಾಕಿ.

ಬಿ ಪ್ಲಸ್ ಸರಿಯಾದ ಅಂಕಿಯಲ್ಲಿ ನಿಂತ ಮೇಲೆಯೇ ಅಗಲ, ಎತ್ತರ, ಫೋಕಸ್. ಕೊನೆಗೆ ಒಟ್ಟಾರೆ ಹೊಳಪಿನ ಸ್ಕ್ರೀನ್ ತಿರುಪು: ಕಪ್ಪು ಪರದೆಯ ಮೇಲೆ ಓರೆ ಗೆರೆಗಳು ಕಾಣುವವರೆಗೆ ಏರಿಸಿ, ಅವು ಮರೆಯಾಗುವಷ್ಟು ಮಾತ್ರ ಇಳಿಸಿ.