ಕಳಿಸಿದ ಮೇಲ್ ಎಷ್ಟು ಹೊತ್ತಿಗೆ ತಲುಪಿತು?

ಕೊಡಗಿನಲ್ಲಿ ಹೋಂಸ್ಟೇ ನಡೆಸುವವರು, ತೋಟದ ಕಾಫಿಯನ್ನು ಹುರಿದು ಪುಡಿ ಮಾಡಿ ಆನ್‌ಲೈನಿನಲ್ಲಿ ಮಾರುವವರು, ಜೇನು, ಕಾಳುಮೆಣಸು ಪಾರ್ಸೆಲ್ ಕಳಿಸುವವರು ಈಗ ಜಾಸ್ತಿ. ಇವರೆಲ್ಲರಿಗೂ ಒಂದು ಸಣ್ಣ ಮೇಲ್ ತುಂಬ ಮುಖ್ಯ. ‘ನಿಮ್ಮ ರೂಮ್ ಬುಕ್ ಆಗಿದೆ’, ‘ನಿಮ್ಮ ಹಣ ಬಂದಿದೆ’ ಎನ್ನುವ ಮೇಲ್. ಹಣ ಕಟ್ಟಿ ಹತ್ತು ನಿಮಿಷವಾದರೂ ಅದು ಬರದಿದ್ದರೆ ಬೆಂಗಳೂರಿನ ಅತಿಥಿಗೆ ಗಾಬರಿ. ಫೋನ್ ಮಾಡೋಣ ಅಂದರೆ ಮಳೆಗಾಲದಲ್ಲಿ ಈ ಕಡೆ ಸಿಗ್ನಲ್ ಸಿಗುವುದೇ ಕಷ್ಟ.

ಇಂಥ ಮೇಲ್‌ಗಳನ್ನು ಯಾರೂ ಕೂತು ಟೈಪ್ ಮಾಡಿ ಕಳಿಸುವುದಿಲ್ಲ. ವೆಬ್‌ಸೈಟ್ ಅದನ್ನು ಮೇಲ್ ಕಳಿಸುವ ಸೇವೆಯೊಂದಕ್ಕೆ ಒಪ್ಪಿಸುತ್ತದೆ. ಈ ಸೇವೆ ಮಾರುವ ಕಂಪನಿಗಳು ಹಲವಾರಿವೆ. ಜಾಹೀರಾತಿನಲ್ಲಿ ‘ಶೇ 99.9’ ಎಂಬ ಅಂಕಿ ಕಾಣುತ್ತದೆ. ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 43 ನಿಮಿಷ ಸೇವೆ ನಿಂತರೂ ಅವರ ಮಾತು ತಪ್ಪಿದಂತಾಗುವುದಿಲ್ಲ. ಅದೂ ಅವರ ಸರ್ವರ್ ಕೆಲಸ ಮಾಡುತ್ತಿದ್ದ ಹೊತ್ತಿನ ಲೆಕ್ಕ. ಮೇಲ್ ತಲುಪಿದ ಲೆಕ್ಕ ಅಲ್ಲ. ಅದನ್ನು ನಾವೇ ಅಳೆಯಬೇಕು.

ಅಳೆಯುವ ಮೊದಲು ಮೇಲ್ ಹೇಗೆ ಸಾಗುತ್ತದೆ ಅನ್ನುವುದು ಗೊತ್ತಿರಬೇಕು. ಸರ್ವರಿನಿಂದ ಸರ್ವರಿಗೆ ಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜಾನ್ ಪೋಸ್ಟೆಲ್ 1982ರಲ್ಲಿ ಬರೆದು ಪ್ರಕಟಿಸಿದರು. ಇವತ್ತಿಗೂ ಮೇಲ್ ನಡೆಯುವುದು ಅದೇ ತಳಹದಿಯ ಮೇಲೆ. ಕಳಿಸುವ ಸರ್ವರ್ ಮೇಲ್ ಕೊಡುತ್ತದೆ. ಪಡೆಯುವ ಸರ್ವರ್ ಮೂರಂಕಿಯ ಉತ್ತರ ಹೇಳುತ್ತದೆ. 250 ಅಂದರೆ ತೆಗೆದುಕೊಂಡೆ. 4ರಿಂದ ಶುರುವಾದರೆ ಈಗ ಆಗುವುದಿಲ್ಲ, ಆಮೇಲೆ ಬಾ. 5ರಿಂದ ಶುರುವಾದರೆ ಆಗುವುದೇ ಇಲ್ಲ. ಆ ವಿಳಾಸವೇ ಇಲ್ಲದಿರಬಹುದು, ಕಳಿಸಿದವರ ಮೇಲೆ ನಂಬಿಕೆ ಇಲ್ಲದಿರಬಹುದು.

ಸರ್ವರ್ ದೂರದಲ್ಲಿದ್ದರೆ ಮೇಲ್ ತಡ ಎಂದು ಹಲವರು ತಿಳಿದಿದ್ದಾರೆ. ದೂರ ಇಲ್ಲಿ ದೊಡ್ಡ ವಿಷಯವಲ್ಲ. ಫೈಬರ್ ಕೇಬಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಎರಡು ಸರ್ವರ್‌ಗಳು ಹಲವು ಸಲ ಮಾತಾಡಿಕೊಂಡರೂ ಒಂದೆರಡು ಸೆಕೆಂಡಿನಲ್ಲಿ ಕೆಲಸ ಮುಗಿಯಬಹುದು.

ನಿಜವಾದ ತಡ ಆಗುವುದು ಆ ‘4’ರಲ್ಲಿ. ಕೆಲವು ಸರ್ವರ್‌ಗಳು ಪರಿಚಯವಿಲ್ಲದವರ ಮೇಲ್ ಅನ್ನು ಮೊದಲ ಸಲ ಬೇಕೆಂದೇ ವಾಪಸ್ ಕಳಿಸುತ್ತವೆ. ಸ್ಪ್ಯಾಮ್ ಕಳಿಸುವವರು ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ, ಸರಿಯಾದವರು ಬರುತ್ತಾರೆ ಎಂಬ ಉಪಾಯ. ಇದಕ್ಕೆ ಗ್ರೇಲಿಸ್ಟಿಂಗ್ ಎನ್ನುತ್ತಾರೆ. ಮತ್ತೆ ಪ್ರಯತ್ನಿಸುವ ಮೊದಲು ಕನಿಷ್ಠ 30 ನಿಮಿಷ ಕಾಯುವುದು ಒಳ್ಳೆಯದು, 4–5 ದಿನವಾದರೂ ಬಿಡದೆ ಪ್ರಯತ್ನಿಸಬೇಕು ಎನ್ನುತ್ತದೆ ಎಸ್‌ಎಂಟಿಪಿಯ ಈಗಿನ ನಿಯಮ. ಪತ್ರ ಬರೆಯುವವರಿಗೆ ಅದು ಸರಿ. ಹತ್ತು ನಿಮಿಷಕ್ಕೆ ಸತ್ತುಹೋಗುವ ಒಟಿಪಿಗೆ ಅರ್ಧ ಗಂಟೆ ಕಾದರೆ ಏನು ಪ್ರಯೋಜನ? ಮೊದಲೆರಡು ಪ್ರಯತ್ನವನ್ನು ಬೇಗ ಮಾಡಿ, ಆಮೇಲೆ ಅಂತರ ಹೆಚ್ಚಿಸುತ್ತ ಹೋಗುವ ಸೇವೆ ನನ್ನ ಮಟ್ಟಿಗೆ ಒಳ್ಳೆಯ ಸೇವೆ. ಎಷ್ಟು ಹೊತ್ತಿಗೆ ಮತ್ತೆ ಪ್ರಯತ್ನಿಸುತ್ತೀರಿ ಎಂದು ದುಡ್ಡು ಕಟ್ಟುವ ಮೊದಲೇ ಕೇಳಬೇಕು.

ಇನ್ನೊಂದು ತಡ ನಾವೇ ಮಾಡಿಕೊಳ್ಳುವಂಥದ್ದು. ಮಡಿಕೇರಿ ದಸರಾಕ್ಕೋ ಹೊಸವರ್ಷಕ್ಕೋ ಹಳೆಯ ಅತಿಥಿಗಳಿಗೆಲ್ಲ ಸಾವಿರಾರು ಆಫರ್ ಮೇಲ್ ಒಟ್ಟಿಗೆ ಕಳಿಸುತ್ತೇವೆ. ಅದೇ ಹೊತ್ತಿಗೆ ಬಂದ ಬುಕಿಂಗ್ ಮೇಲ್ ಆ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ. ಆಫರ್ ನೋಡಿ ಬೇಸತ್ತ ನಾಲ್ಕು ಜನ ‘ಸ್ಪ್ಯಾಮ್’ ಒತ್ತಿದರೆ ಬುಕಿಂಗ್ ಮೇಲ್‌ಗೂ ಅದೇ ಹಣೆಪಟ್ಟಿ ಬೀಳಬಹುದು. ಎರಡಕ್ಕೂ ಬೇರೆ ಸಾಲು, ಬೇರೆ ಕಳಿಸುವ ವಿಳಾಸ ಇರಲೇಬೇಕು.

ಇನ್ನು ಅಳತೆ. ಭಾಗಮಂಡಲದಲ್ಲೋ ಸೋಮವಾರಪೇಟೆಯಲ್ಲೋ ಕೂತು, ಫೋನ್ ಟಿಣ್ ಅಂದ ಹೊತ್ತನ್ನು ಬರೆದುಕೊಂಡರೆ ಅದು ಮೊಬೈಲ್ ಟವರಿನ ಅಳತೆಯಾಗುತ್ತದೆ. ಕರೆಂಟ್ ಹೋಗಿ ಟವರ್ ಮಲಗಿದ್ದರೂ ಮೇಲ್ ಆಗಲೇ ಜಿಮೇಲಿನ ಸರ್ವರಿಗೆ ಬಂದು ಕೂತಿರಬಹುದು. ಅದಕ್ಕೆ ಮೇಲ್‌ನ ಒಳಗಿನ ದಾಖಲೆ ನೋಡಬೇಕು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಮೇಲ್‌ನ ಮೂರು ಚುಕ್ಕೆ ಒತ್ತಿ, ‘ಶೋ ಒರಿಜಿನಲ್’ ಆರಿಸಿದರೆ ಎಷ್ಟು ಸೆಕೆಂಡಿನಲ್ಲಿ ತಲುಪಿತು ಅನ್ನುವುದು ಮೇಲೆಯೇ ಕಾಣುತ್ತದೆ. ಕೆಳಗೆ ‘ರಿಸೀವ್ಡ್’ ಎಂಬ ಸಾಲುಗಳಿರುತ್ತವೆ. ದಾರಿಯಲ್ಲಿ ಸಿಕ್ಕ ಪ್ರತಿ ಸರ್ವರ್ ತನ್ನ ಸಮಯ ಬರೆದು ಮುಂದೆ ಕಳಿಸುತ್ತದೆ. ಇವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಗೂಗಲ್ ಅಮೆರಿಕದ ಪಶ್ಚಿಮ ಕರಾವಳಿಯ ಸಮಯ ಬರೆಯುವುದರಿಂದ ದಿನವೇ ಹಿಂದೆ ಹೋದಂತೆ ಕಾಣಬಹುದು; ಪಕ್ಕದಲ್ಲಿ -0700 ಇದ್ದರೆ ಹನ್ನೆರಡೂವರೆ ಗಂಟೆ, -0800 ಇದ್ದರೆ ಹದಿಮೂರೂವರೆ ಗಂಟೆ ಕೂಡಿಸಿಕೊಂಡರೆ ನಮ್ಮ ಸಮಯ ಸಿಗುತ್ತದೆ.

ಅಂಕಿಗಳು ಸಿಕ್ಕ ಮೇಲೆ ಸರಾಸರಿ ತೆಗೆಯುವ ಆಸೆ ಬರುತ್ತದೆ. ಬೇಡ. ನೂರು ಮೇಲ್‌ಗಳಲ್ಲಿ 98 ಎರಡೇ ಸೆಕೆಂಡಿಗೆ ಬಂದವು, ಎರಡು ಮಾತ್ರ ಅರ್ಧ ಗಂಟೆ ತಡವಾದವು ಅಂದುಕೊಳ್ಳಿ. ಸರಾಸರಿ 38 ಸೆಕೆಂಡ್. ಒಂದು ಮೇಲ್ ಕೂಡ 38 ಸೆಕೆಂಡಿಗೆ ಬಂದಿಲ್ಲ! ಕಾಫಿ ಬೆಳೆಗಾರರಿಗೆ ಇದು ಬೇಗ ಅರ್ಥವಾಗುತ್ತದೆ. ವರ್ಷಕ್ಕೆ ಒಟ್ಟು ಎಷ್ಟು ಇಂಚು ಮಳೆ ಬಂತು ಅನ್ನುವುದಕ್ಕಿಂತ, ಬೇಸಿಗೆಯ ಹೂಮಳೆ ಹೊತ್ತಿಗೆ ಸರಿಯಾಗಿ ಬಂತಾ ಅನ್ನುವುದರ ಮೇಲೆ ಫಸಲು ನಿಂತಿದೆ, ಅಲ್ವಾ? ಮೇಲ್‌ನಲ್ಲೂ ಎಲ್ಲವನ್ನೂ ವೇಗದ ಕ್ರಮದಲ್ಲಿ ಜೋಡಿಸಿ, ನಡುವಿನದ್ದನ್ನು ನೋಡಿ. ಆಮೇಲೆ 95ನೆಯದ್ದನ್ನು, 99ನೆಯದ್ದನ್ನು ನೋಡಿ. ಸೇವೆ ಎಂಥದ್ದು ಅನ್ನುವುದು ಆ ಕೊನೆಯವುಗಳಲ್ಲಿ ಗೊತ್ತಾಗುತ್ತದೆ.

ವೇಗಕ್ಕಿಂತ ದೊಡ್ಡ ಪ್ರಶ್ನೆ, ತಲುಪಿದ್ದು ಎಲ್ಲಿಗೆ ಅನ್ನುವುದು. ಸೇವೆಯ ಪಟ್ಟಿಯಲ್ಲಿ ‘ಡೆಲಿವರ್ಡ್’ ಅಂತ ಕಂಡರೆ ಆ ಕಡೆಯಿಂದ 250 ಬಂತು ಅಂತಷ್ಟೇ ಅರ್ಥ. ಮೇಲ್ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿರಬಹುದು. ‘ಓಪನ್’ ಆದ ಲೆಕ್ಕವನ್ನೂ ಪೂರ್ತಿ ನಂಬಲಾಗದು. ಮೇಲ್‌ನೊಳಗೆ ಇಟ್ಟ ಸಣ್ಣ ಚಿತ್ರವೊಂದು ಇಳಿದರೆ ಮೇಲ್ ತೆರೆದರು ಎಂದು ಎಣಿಸುವ ಲೆಕ್ಕ ಅದು. 2021ರಿಂದ ಆಪಲ್‌ನ ಮೇಲ್ ಆ್ಯಪ್, ಬಳಕೆದಾರರು ಒಪ್ಪಿದ್ದರೆ, ಅವರು ಮೇಲ್ ತೆರೆಯದಿದ್ದರೂ ಚಿತ್ರಗಳನ್ನು ತಾನೇ ತರಿಸಿಕೊಳ್ಳುತ್ತದೆ. ಜಿಮೇಲ್, ಯಾಹೂ, ಔಟ್‌ಲುಕ್ ಮೂರರಲ್ಲೂ ಸ್ವಂತ ಖಾತೆ ತೆರೆದು, ನಿಜವಾದ ಬುಕಿಂಗ್ ಮೇಲ್ ಅನ್ನೇ ಕಳಿಸಿ ನೋಡುವುದು ಒಳ್ಳೆಯದು. ಸುಮ್ನೆ ‘ಟೆಸ್ಟ್’ ಅಂತ ಬರೆದು ಕಳಿಸಿದರೆ ಫಲಿತಾಂಶವೇ ಬೇರೆ ಬರಬಹುದು. ಜೊತೆಗೆ ನಿಮ್ಮ ಡೊಮೇನಿಗೆ, ಅಂದರೆ ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರಿಗೆ, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳಿರಲಿ. ಈ ಮೇಲ್ ನಮ್ಮದೇ ಎಂದು ಸಾಬೀತು ಮಾಡುವುದು ಅವುಗಳೇ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಕಳಿಸುವವರಿಗೆ 2024ರ ಫೆಬ್ರುವರಿಯಿಂದ ಗೂಗಲ್ ಇವನ್ನು ಕಡ್ಡಾಯ ಮಾಡಿದೆ. ಸ್ಪ್ಯಾಮ್ ದೂರು ಶೇ 0.3ಕ್ಕೆ ಮುಟ್ಟಬಾರದು ಅಂತಲೂ ಹೇಳಿದೆ.

ನೂರು ಟೆಸ್ಟ್ ಮೇಲ್ ಕಳಿಸಿ ನೂರೂ ತಲುಪಿದವು ಅಂದರೆ ಸಾಕೇ? ಸಂಖ್ಯಾಶಾಸ್ತ್ರದಲ್ಲಿ ‘ಮೂರರ ನಿಯಮ’ ಎಂದಿದೆ. ಒಂದೂ ತಪ್ಪದಿದ್ದರೆ 3ನ್ನು ಪ್ರಯತ್ನಗಳ ಸಂಖ್ಯೆಯಿಂದ ಭಾಗಿಸಿ. ನೂರಕ್ಕೆ ಅದು ಶೇ 3. ಅಂದರೆ ನೂರಕ್ಕೆ ಮೂರು ತಪ್ಪುವ ಸೇವೆಯೂ ಇಂಥ ಪರೀಕ್ಷೆಯಲ್ಲಿ ಪಾಸಾಗಬಹುದು. ಸಾವಿರ ಕಳಿಸಿದರೆ ಶೇ 0.3ಕ್ಕೆ ಇಳಿಯುತ್ತದೆ. ಸಣ್ಣ ಹೋಂಸ್ಟೇಗೆ ಅಷ್ಟು ಟೆಸ್ಟ್ ಸಾಧ್ಯವಿಲ್ಲ. ಅದಕ್ಕೇ ದಿನಾ ಹೋಗುವ ಪ್ರತಿ ಮೇಲ್‌ಗೂ ಬಂದ ಉತ್ತರವನ್ನು, 250 ಬಂತೋ 450 ಬಂತೋ 550 ಬಂತೋ ಅನ್ನುವುದನ್ನು, ಸಮಯದ ಸಮೇತ ನಮಗೆ ಕೊಡುವ ಸೇವೆಯೇ ಬೇಕು. ಬರೀ ಹಸಿರು ಟಿಕ್ ತೋರಿಸುವ ಸೇವೆ ಎಷ್ಟೇ ಅಗ್ಗವಾಗಿದ್ದರೂ ನಾನು ಬೇಡ ಅನ್ನುತ್ತೇನೆ. 550 ಬಂದ ಸುದ್ದಿ ಕೂಡಲೇ ವೆಬ್‌ಸೈಟಿಗೆ ಮುಟ್ಟಿದರೆ, ಅತಿಥಿ ಇನ್ನೂ ಪರದೆಯ ಮುಂದೆ ಇರುವಾಗಲೇ ‘ವಿಳಾಸ ಸರಿಯಿದೆಯಾ ನೋಡಿ’ ಎಂದು ಕೇಳಬಹುದು.