ಡಿಫ್ರೆನ್ಶಿಯಲ್‌ಗೆ 90 ಆಯಿಲಾ, 140 ಆಯಿಲಾ?

"ಅಣ್ಣಾ, ನಂದು ಹತ್ತು ಚಕ್ರದ ಟಿಪ್ಪರ್. ಸಂಡೂರು ಕಡೆ ಅದಿರು ಹೊಡೀತೀನಿ. ಡಿಫ್ರೆನ್ಶಿಯಲ್‌ಗೆ 90 ಸಾಕು ಅಂತ ಒಬ್ರು, ಬಳ್ಳಾರಿ ಬಿಸಿಲಿಗೆ 140 ಬೇಕೇ ಬೇಕು ಅಂತ ಇನ್ನೊಬ್ರು. ಯಾರ ಮಾತು ಕೇಳಲಿ?"

ಬೇಸಿಗೆ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಡಿಫ್ರೆನ್ಶಿಯಲ್ ಅಂದರೆ ಎಂಜಿನ್ನಿನ ತಿರುಗುಬಲವನ್ನು ಹಿಂದಿನ ಚಕ್ರಗಳಿಗೆ ಹಂಚುವ ಗೇರು. 90, 140 ಅನ್ನುವುದು ಅದರ ಆಯಿಲ್ ಎಷ್ಟು ಮಂದ ಅನ್ನುವ ನಂಬರು. ಮೊದಲು ಡಬ್ಬಿ ಮೇಲೆ ಜಿಎಲ್-5 ಅಂತ ಇದೆಯಾ ನೋಡಿ, ಅದು ಗೇರ್ ಆಯಿಲಿನ ದರ್ಜೆ. 90, 140ರ ಮಾತು ಆಮೇಲೆ.

ಯಾಕೆ ಅಂದರೆ, ಡಿಫ್ರೆನ್ಶಿಯಲ್ ಒಳಗೆ ಪಿನಿಯನ್ ಅನ್ನುವ ಚಿಕ್ಕ ಗೇರು ಕ್ರೌನ್ ಅನ್ನುವ ದೊಡ್ಡ ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ. ಬಹಳಷ್ಟು ಲಾರಿಗಳಲ್ಲಿ ಪಿನಿಯನ್ ಕ್ರೌನಿನ ನಟ್ಟನಡುವಿಗೆ ನೇರ ಇರುವುದಿಲ್ಲ, ಸ್ವಲ್ಪ ಮೇಲೋ ಕೆಳಗೋ ಸರಿದು ಕೂತಿರುತ್ತದೆ. ಇದಕ್ಕೆ ಹೈಪಾಯ್ಡ್ ಅನ್ನುತ್ತಾರೆ. ಹೀಗಿದ್ದಾಗ ಹಲ್ಲಿನ ಮೇಲೆ ಹಲ್ಲು ಉರುಳುವುದರ ಜೊತೆಗೆ ಉಜ್ಜಿಕೊಂಡು ಜಾರುತ್ತದೆ. ಲೋಡ್ ಬಿದ್ದಾಗ ಅಲ್ಲಿ ಬರೀ ಎಣ್ಣೆ ನಿಲ್ಲುವುದಿಲ್ಲ, ಹಿಂಡಿ ಹೊರಗೆ ಹೋಗಿಬಿಡುತ್ತದೆ. ಆಗ ಕಾಪಾಡುವುದು ಆಯಿಲಿನಲ್ಲಿ ಬೆರೆಸಿರುವ ಗಂಧಕ ಮತ್ತು ರಂಜಕ. ಉಜ್ಜಿದ ಜಾಗದ ಬಿಸಿಗೆ ಇವು ಉಕ್ಕಿನ ಜೊತೆ ಸೇರಿ ತೆಳ್ಳನೆಯ ಪೊರೆ ಕಟ್ಟುತ್ತವೆ, ಹಲ್ಲಿನ ಬದಲು ಆ ಪೊರೆ ಸವೆಯುತ್ತದೆ. ಡಬ್ಬಿ ಬಿಚ್ಚಿದ ಕೂಡಲೇ ಮೂಗಿಗೆ ಹೊಡೆಯುವ ವಾಸನೆ ಇದೆಯಲ್ಲ, ಅದು ಈ ಗಂಧಕದ್ದೇ. ಜಿಎಲ್-4ರಲ್ಲೂ ಇದು ಇರುತ್ತದೆ, ಆದರೆ ಕಡಿಮೆ. ಹೈಪಾಯ್ಡ್ ಕ್ರೌನಿಗೆ ಅದು ಸಾಲದು.

ಹಾಗಾಗಿ ಗೇರ್‌ಬಾಕ್ಸಿಗೆ ತಂದ ಜಿಎಲ್-4 ಉಳಿದಿದೆ ಅಂತ ಡಿಫ್ರೆನ್ಶಿಯಲ್‌ಗೆ ಸುರಿಯಬೇಡಿ. ಉಲ್ಟಾ ಕೂಡ ಮಾಡಬೇಡಿ. ಗೇರ್‌ಬಾಕ್ಸಿಗೆ ಜಿಎಲ್-4 ಅಂತ ಗಾಡಿ ಜೊತೆ ಕಂಪನಿ ಕೊಟ್ಟ ಬುಕ್ಕಿನಲ್ಲಿದ್ದರೆ, ಅಲ್ಲಿ ಜಿಎಲ್-5ರ ಜಾಸ್ತಿ ಗಂಧಕ ಗೇರ್ ಸಲೀಸಾಗಿ ಬೀಳಲು ಇರುವ ಹಿತ್ತಾಳೆಯ ಸಿಂಕ್ರೋ ರಿಂಗುಗಳನ್ನು ತಿನ್ನಬಹುದು.

ಈಗ ನಂಬರು. 80ಡಬ್ಲ್ಯು-90, 85ಡಬ್ಲ್ಯು-140 ಅಂತ ಇರುತ್ತದಲ್ವಾ, ಡಬ್ಲ್ಯುಗೆ ಮುಂಚೆ ಬರುವ ನಂಬರು ಚಳಿಯ ಲೆಕ್ಕ. 80ನ್ನು ಪರೀಕ್ಷೆ ಮಾಡುವುದು ಮೈನಸ್ 26 ಡಿಗ್ರಿಯಲ್ಲಿ, 85ನ್ನು ಮೈನಸ್ 12ರಲ್ಲಿ. ನಮ್ಮ ಬಳ್ಳಾರಿ, ರಾಯಚೂರಿನವರು ಅದಕ್ಕೆ ತಲೆ ಕೆಡಿಸಿಕೊಳ್ಳುವುದೇ ಬೇಡ. ಆಮೇಲಿನ ನಂಬರು ಮುಖ್ಯ. ಆಯಿಲ್ 100 ಡಿಗ್ರಿ ಕಾದಾಗ ಎಷ್ಟು ಮಂದ ಇರುತ್ತದೆ ಅಂತ ಅದು ಹೇಳುತ್ತದೆ. ಸೆಂಟಿಸ್ಟೋಕ್ ಅನ್ನುವ ಮಂದದ ಅಳತೆಯಲ್ಲಿ 90 ಅಂದರೆ 13.5ರಿಂದ 18.5, 140 ಅಂದರೆ 24ರಿಂದ 32.5. ಎಂಜಿನ್ ಆಯಿಲಿನ 40ಕ್ಕಿಂತ ಗೇರ್ ಆಯಿಲಿನ 90 ಎರಡು ಪಟ್ಟು ಮಂದ ಅಂತ ತುಂಬಾ ಜನ ನಂಬಿದ್ದಾರೆ. ಎರಡರ ಅಳತೆಗೋಲೇ ಬೇರೆ. ಗೇರ್ ಆಯಿಲಿನ 90, ಎಂಜಿನ್ ಆಯಿಲಿನ 40-50ರ ಆಸುಪಾಸಿನದು ಅಷ್ಟೇ.

ಮಂದ ಇದ್ದಷ್ಟೂ ಒಳ್ಳೆಯದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕ್ರೌನ್ ಆ ಆಯಿಲನ್ನು ಕಡೆಯುತ್ತಲೇ ತಿರುಗಬೇಕು. ಜಾಸ್ತಿ ಮಂದವಾದರೆ ಕಡೆದು ಕಡೆದು ಬಿಸಿ ಏರುತ್ತದೆ, ಡೀಸೆಲ್ಲೂ ಹೋಗುತ್ತದೆ. ಗಂಗಾವತಿಯಿಂದ ಅಕ್ಕಿ ತುಂಬಿಕೊಂಡು ಸಮತಟ್ಟು ಹೈವೇಯಲ್ಲಿ ಓಡುವ ಲಾರಿಗೆ, ಬುಕ್ಕಿನಲ್ಲಿ 90 ಇದ್ದರೆ, 90 ಧಾರಾಳ ಸಾಕು.

ನಿಮ್ಮ ಕೆಲಸ ಬೇರೆ. ಗಣಿ ಗುಂಡಿಯಿಂದ ಲೋಡ್ ಹೊತ್ತು ಫಸ್ಟ್ ಗೇರಲ್ಲಿ ಮೇಲೆ ಬರುತ್ತೀರಿ, ಆಮೇಲೆ ಹೊಗೆಯ ದಾರಿ ತಡೆದು ಎಂಜಿನ್ನಿನಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಹಿಡಿದು ಗುಡ್ಡ ಇಳಿಯುತ್ತೀರಿ, ಇಳಿಯುವಾಗ ಭಾರವೆಲ್ಲ ಹಲ್ಲಿನ ಹಿಂಬದಿಗೆ ಬೀಳುತ್ತದೆ, ಜೊತೆಗೆ 40 ಡಿಗ್ರಿ ದಾಟಿದ ಬಿಸಿಲು. ಸ್ಪೀಡ್ ಕಮ್ಮಿ, ಭಾರ ಜಾಸ್ತಿ. ಇಂಥ ಕಡೆ 140 ನಿಲ್ಲುತ್ತದೆ. ಬುಕ್ಕಿನಲ್ಲಿ ಎರಡನ್ನೂ ಕೊಟ್ಟಿದ್ದರೆ ಕಣ್ಣು ಮುಚ್ಚಿಕೊಂಡು 85ಡಬ್ಲ್ಯು-140 ಹಾಕಿಸಿ. ಒಂದನ್ನೇ ಕೊಟ್ಟಿದ್ದರೆ ಅದೇ. ಹೊಸ ಗಾಡಿಯಾಗಿದ್ದು ಸಿಂಥೆಟಿಕ್ 75ಡಬ್ಲ್ಯು-90 ಅಂತ ಬರೆದಿದ್ದರೆ, ಬದಲಿಸುವ ಕಿಲೋಮೀಟರ್ ಲೆಕ್ಕ ಹಾಕಿರುವುದು ಆ ಆಯಿಲಿಗೆ. ಸಾದಾ ಆಯಿಲ್ ಹಾಕಿ ಅಷ್ಟೇ ದೂರ ಓಡಿಸಬೇಡಿ. ಎರಡೂ ಕಡೆಯ ಚಕ್ರ ಒಟ್ಟಿಗೆ ತಿರುಗುವಂತೆ ಮಾಡುವ ಡಿಫ್ ಲಾಕ್ ಇದೆ ಅಂತ ಬೇರೆ ಆಯಿಲ್ ಬೇಕಾಗಿಲ್ಲ.

ಹತ್ತು ಚಕ್ರ ಅಂದಿರಿ, ನಿಮ್ಮದಕ್ಕೆ ಹಿಂದೆ ಎರಡು ಹೌಸಿಂಗ್, ಅಂದರೆ ಡಿಫ್ರೆನ್ಶಿಯಲ್ ಕೂತಿರುವ ಎರಡು ಕವಚ. ಎರಡಕ್ಕೂ ಆಯಿಲ್ ಪ್ರತ್ಯೇಕವಾಗಿ ತುಂಬಬೇಕು. ಒಂದನ್ನು ನೋಡಿ ಇನ್ನೊಂದನ್ನು ಮರೆಯುವವರು ಬಹಳ. ಹಬ್ ರಿಡಕ್ಷನ್, ಅಂದರೆ ಚಕ್ರದ ಹಬ್ಬಿನಲ್ಲೇ ಇನ್ನೊಂದು ಗೇರು, ಇದ್ದರೆ ಪ್ರತಿ ಹಬ್ಬಿನ ಆಯಿಲನ್ನೂ ಬುಕ್ ನೋಡಿ ತುಂಬಿಸಿ. ಗಾಡಿ ಓಡಿ ಬಂದ ಬಿಸಿಯಲ್ಲೇ, ಸಮ ನೆಲದಲ್ಲಿ ನಿಲ್ಲಿಸಿ ಹಳೆಯದನ್ನು ಇಳಿಸಿ. ಡ್ರೈನ್ ನಟ್ಟಿನ ಮ್ಯಾಗ್ನೆಟ್ಟನ್ನು ಬೆರಳಲ್ಲಿ ಒರೆಸಿ ನೋಡಿ. ಕಾಡಿಗೆಯಂತೆ ನುಣ್ಣಗೆ ಕಪ್ಪು ಮೆತ್ತಿದರೆ ಭಯವಿಲ್ಲ. ಲೋಹದ ಚೂರು ಚುಚ್ಚಿದರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ ಅಂತ, ಹೌಸಿಂಗ್ ಬಿಚ್ಚಿಸಲೇಬೇಕು. ಇಳಿಸಿದ ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಹೋಗಿದೆ. ಹೊಸದನ್ನು ತುಂಬುವ ತೂತಿನ ಕೆಳ ಅಂಚಿಗೆ ಬರುವಷ್ಟು ಹಾಕಿದರೆ ಸಾಕು.

ಇನ್ನೊಂದು ವಿಷಯ ನನಗೆ ಪೆಟ್ಟು ತಿಂದು ಗೊತ್ತಾಗಿದ್ದು. ಒಂದು ಬೇಸಿಗೆಯಲ್ಲಿ ನನ್ನ ಗಾಡಿಯ ಹಬ್ ಸೀಲ್ ಮೇಲಿಂದ ಮೇಲೆ ಸೋರಿ ಬ್ರೇಕ್ ಲೈನರ್ ಎಲ್ಲ ಎಣ್ಣೆಯಾಗುತ್ತಿತ್ತು. ಎರಡು ಸಲ ಸೀಲ್ ಬದಲಿಸಿದೆ, ಆಯಿಲ್ ಕಂಪನಿಯನ್ನೂ ಬದಲಿಸಿದೆ. ಕೊನೆಗೆ ಒಬ್ಬ ಹಳೇ ಮೇಸ್ತ್ರಿ ಹೌಸಿಂಗ್ ಮೇಲೆ ಬೆರಳಾಡಿಸಿ, ಒಳಗಿನ ಗಾಳಿ ಹೊರಬಿಡುವ, ಹೆಬ್ಬೆರಳಿನ ಉಗುರಿನಷ್ಟಿದ್ದ ಬ್ರೀದರನ್ನು ಬಿಚ್ಚಿ ಅಂಗೈಯಲ್ಲಿಟ್ಟರು. ಅದಿರಿನ ಕೆಂಪು ಧೂಳು ಎಣ್ಣೆಗೆ ಸೇರಿ ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಒಳಗಿನ ಬಿಸಿ ಗಾಳಿ ಹೊರಹೋಗಲು ದಾರಿಯಿಲ್ಲದೆ ಎಣ್ಣೆಯನ್ನು ಸೀಲಿನ ಮೂಲಕ ಹೊರಗೆ ನೂಕುತ್ತಿತ್ತು. ಅಂದಿನಿಂದ ಗ್ರೀಸ್ ಹೊಡೆಸುವಾಗಲೆಲ್ಲ ಬ್ರೀದರ್ ಬಿಚ್ಚಿಸಿ ಡೀಸೆಲ್ಲಿನಲ್ಲಿ ತೊಳೆಸುತ್ತೇನೆ. ನಿಮ್ಮ ಟಿಪ್ಪರಿನ ಎರಡೂ ಹೌಸಿಂಗ್ ಮೇಲೆ ಅದನ್ನು ಹುಡುಕಿ.